ಒಂದು ಮರಿ ಹೆಚ್ಚು

ನನ್ನ ಮಾವನವರನ್ನು ಬೀದಿಯವರೆಲ್ಲ ಬೀಗದಜ್ಜ ಎನ್ನುತ್ತಾರೆ. ಬಸ್ ನಿಲ್ದಾಣದ ಪಕ್ಕ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೇಬೇಕಾದಷ್ಟು ಸಣ್ಣ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಬೀಗ ರಿಪೇರಿ ಮಾಡುತ್ತಾರೆ, ಕೀಲಿ ಕಳೆದುಕೊಂಡವರಿಗೆ ಬೇರೆ ಕೀಲಿ ಉಜ್ಜಿಕೊಡುತ್ತಾರೆ. ಮನೆಯಿಂದ ಹೊರಟ ಮೇಲೆ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡಲು ಬೀದಿಯ ತಿರುವಿನಿಂದ ಎರಡು ಸಲ ವಾಪಸು ಬರುತ್ತಾರೆ. ನಾನು ಒಳಗೇ ಇರುತ್ತೇನೆ, ಆದರೂ ಬರುತ್ತಾರೆ. ಹದಿನಾರು ವರ್ಷದಿಂದ ಇದನ್ನು ಸಹಿಸಿಕೊಂಡಿದ್ದೇನೆ, ಯಾರೂ ನನಗೊಂದು ಬಹುಮಾನ ಕೊಟ್ಟಿಲ್ಲ.

ನಮ್ಮ ಕೆಂಪು ಹೇಂಟೆ ಕೋಳಿ ಕಳೆದ ಸಲ ಮಾಡಿದ ಮರಿಗಳನ್ನೆಲ್ಲ ಬೆಕ್ಕು ಮುಗಿಸಿತ್ತು. ಈ ಸಲ ಅದು ಕಾವಿಗೆ ಕೂತಾಗ ಮಾವ ಹಟಕ್ಕೆ ಬಿದ್ದರು. ಹಳೆಯ ಮರದ ಬೀರುವನ್ನು ಹಿತ್ತಲಲ್ಲಿ ಅಡ್ಡ ಮಲಗಿಸಿ ಗೂಡು ಮಾಡಿದರು. ಹೆಗ್ಗಣ ಕೊರೆಯದಂತೆ ತಳಕ್ಕೆ ತಗಡು ಹೊಡೆದರು. ಬೆಕ್ಕಿನ ಪಂಜ ತೂರದಂತೆ ಮುಂದೆ ಸಣ್ಣ ಕಣ್ಣಿನ ಜಾಲರಿ. ನೀರಿನ ಬಟ್ಟಲು ಇಡಲು ಪಕ್ಕದಲ್ಲೊಂದು ಪುಟ್ಟ ಕಿಂಡಿ, ಅದಕ್ಕೆ ಚಿಲಕ. ದೊಡ್ಡ ಬಾಗಿಲಿಗೆ ಮಾತ್ರ ಬೀಗ, ಅದರ ಕೀಲಿ ಅವರ ಸೊಂಟದಲ್ಲಿ.

"ಕಾವು ಕೂತ ಕೋಳಿಗೆ ಗಾಳಿ ಬೇಕು, ಒಣಹುಲ್ಲು ಬೇಕು. ನಿನ್ನ ಗದ್ದಲ ಬೇಡ ಕಣಮ್ಮ," ಎಂದು ನನ್ನನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಮೊಟ್ಟೆ ಒಡೆದು ಮರಿಗಳು ಬಂದ ದಿನ ತಾವೊಬ್ಬರೇ ಬಗ್ಗಿ ಎಣಿಸಿ, ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ '೯' ಎಂದು ಬರೆದರು.

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. "ಅಮ್ಮಾ, ಸ್ವಲ್ಪ ಬಂದು ಎಣಿಸು."

ಹಾಳಾದ ಮರಿಗಳು ನಿಂತಲ್ಲಿ ನಿಂತರೆ ತಾನೇ? ಒಂದು ಸಲ ಹತ್ತಾದವು, ಒಂದು ಸಲ ಹದಿಮೂರು. ಕೊನೆಗೆ ಜೋಳದ ನುಚ್ಚು ಚೆಲ್ಲಿ, ಅವು ಬಗ್ಗಿದಾಗ ಎಣಿಸಿದೆ. ಹನ್ನೆರಡು.

"ಬೀಗ ಹಾಕಿದ್ದು ಹಾಕಿದ ಹಾಗೇ ಇದೆ," ಎಂದರು ಮಾವ. "ಬೀಗ ಮುರಿದ ಮನೇಲಿ ಕಮ್ಮಿ ಆಗಿದ್ದನ್ನ ನೋಡಿದೀನಿ. ಬೀಗ ಹಾಕಿದ ಕಡೆ ಹೆಚ್ಚಾಗಿದ್ದನ್ನ ಎಲ್ಲೂ ನೋಡಿಲ್ಲ."

ನನಗೆ ನಗು ಬಂತು. ಅವರ ಮುಖ ನೋಡಿ ಸುಮ್ಮನಾದೆ. ಅವರ ಅಣ್ಣನಿಗೆ ಮರೆವಿನ ಕಾಯಿಲೆ ಶುರುವಾದದ್ದೇ ಎಣಿಕೆಯಿಂದ. ಮನೆಗೆ ಎಷ್ಟು ಮೆಟ್ಟಿಲು, ತನಗೆ ಎಷ್ಟು ಮಕ್ಕಳು ಎನ್ನುವುದು ತಪ್ಪಿತು. ಆಮೇಲೆ ತಮ್ಮನ ಗುರುತೂ ಹೋಯಿತು. ಆಗಿನಿಂದ ಮಾವ ಹೇಳುತ್ತಿದ್ದರು, ನನಗೂ ಹಾಗಾದ ದಿನ ಅಂಗಡಿ ಮುಚ್ಚುತ್ತೇನೆ, ತಲೆ ನೆಟ್ಟಗಿಲ್ಲದವನು ಊರವರ ಬೀಗಕ್ಕೆ ಕೈ ಹಾಕಬಾರದು ಎಂದು.

ಆ ಬೆಳಿಗ್ಗೆ ಅಂಗಡಿ ಕೀಲಿ ಬಿಚ್ಚಿ ನನ್ನ ಉಪ್ಪಿನ ಡಬ್ಬಿಯ ಪಕ್ಕ ಇಟ್ಟರು.

"ಏನು ಮಾವ ಇದು? ಒಂದೆರಡು ಮರಿ ರೆಕ್ಕೆ ಕೆಳಗಿದ್ವೇನೋ, ಕಂಡಿರಲಿಕ್ಕಿಲ್ಲ," ಎಂದೆ.

"ಮೂರು ಸಲ ಎಣಿಸಿದ್ದೆ."

ಎರಡು ದಿನ ಅಂಗಡಿ ತೆರೆಯಲಿಲ್ಲ. ಗೂಡಿನ ಎದುರು ಸ್ಟೂಲು ಹಾಕಿಕೊಂಡು ಬೆರಳು ಮಡಿಸುತ್ತಾ ಕೂತರು. ಗಿರಾಕಿಗಳು ಮನೆಗೇ ಬಂದು ಕೇಳಿದರೆ ಮೈ ಸರಿಯಿಲ್ಲ ಎಂದೆ. ನನಗಂತೂ ತಲೆಬುಡ ಅರ್ಥವಾಗಲಿಲ್ಲ. ಮರಿಗಳು ಸುಳ್ಳೋ, ಸೀಮೆಸುಣ್ಣದ ಬರಹ ಸುಳ್ಳೋ? ಉಪ್ಪು ತೆಗೆಯುವಾಗಲೆಲ್ಲ ಆ ಕೀಲಿ ಕೈಗೆ ತಗುಲುತ್ತಿತ್ತು. ಬಾಗಿಲು ನೋಡಲು ಅವರು ವಾಪಸು ಬರುತ್ತಿದ್ದುದು ನೆನಪಾಗಿ ಅಳು ಬಂತು.

ಎರಡನೆಯ ದಿನ ಸಂಜೆ ಹಾಲಿನ ಬೂತಿನವಳು ಬಂದಳು. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ.

"ಅಜ್ಜ, ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು. "ನಮ್ಮ ತಾಯಿಕೋಳೀನ ನಾಯಿ ಹೊತ್ಕೊಂಡು ಹೋಯ್ತು. ಉಳಿದ ಮರಿಗಳು ಚಳಿಗೆ ಸತ್ತೇ ಹೋಗ್ತಿದ್ವು. ಈ ಸುತ್ತಮುತ್ತ ಗಟ್ಟಿ ಗೂಡು ಅಂದ್ರೆ ನಿಮ್ಮದೊಂದೇ. ಕೇಳಿದ್ರೆ ಬೈತೀರೇನೋ ಅಂತ, ಮೊನ್ನೆ ಮಬ್ಬುಗತ್ತಲಲ್ಲಿ ನೀರಿನ ಕಿಂಡಿ ತೆಗೆದು ಕೋಳಿ ಹೊಟ್ಟೆ ಕೆಳಗೆ ತಳ್ಳಿಬಿಟ್ಟೆ. ನಿಮ್ಮ ಕೋಳಿ ಕಮಕ್ ಕಿಮಕ್ ಅನ್ನಲಿಲ್ಲ."

ಮಾವ ಸ್ಟೂಲಿನಿಂದ ಎದ್ದೇಬಿಟ್ಟರು. "ಕಿಂಡಿಗೆ ಬೀಗ ಹಾಕ್ಲಿಲ್ಲ ನೋಡು ನಾನು," ಎಂದು ನಕ್ಕರು. ನನಗೂ ಹೋದ ಜೀವ ಬಂದಂತಾಯಿತು. "ಮೂರೂ ಚೆನ್ನಾಗಿವೆ ಕಣಮ್ಮ," ಎಂದರು ಅವಳಿಗೆ.

"ಮೂರೆಲ್ಲಿ ಅಜ್ಜ? ನಾನು ಬಿಟ್ಟಿದ್ದು ಎರಡೇ."

ಮಾವ ಬೆರಳು ಮಡಿಸಿದರು. ಒಂಬತ್ತು, ಎರಡು, ಹನ್ನೊಂದು. ಇನ್ನೂ ಒಂದು ಹೆಚ್ಚು. ನಿಧಾನವಾಗಿ ಮತ್ತೆ ಕೂತುಕೊಂಡರು.

"ಒಂದು ನಾನು ತಂದು ಬಿಟ್ಟಿದ್ದು," ಎಂದೆ.

ಎಲ್ಲಿಂದ ಬಂತೋ ಆ ಮಾತು, ನನಗೇ ಗೊತ್ತಿಲ್ಲ.

"ನೀನಾ? ಯಾವಾಗ?"

"ಸಂತೇಲಿ ಒಂಟಿ ಮರಿ ಮಾರ್ತಿದ್ರು. ಪಾಪ ಅನ್ನಿಸ್ತು. ನೀವು ಬೈತೀರ ಅಂತ ಹೇಳ್ಲಿಲ್ಲ."

"ಯಾವುದು?"

ಕಣ್ಣಿಗೆ ಬಿದ್ದದ್ದನ್ನು ತೋರಿಸಿದೆ. ಮಾವ ಆ ಮರಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. "ಕೇಳಿ ತರ್ಬೇಕಿತ್ತಮ್ಮ," ಎಂದರು.

ಮರುದಿನ ಉಪ್ಪಿನ ಡಬ್ಬಿಯ ಪಕ್ಕ ಕೀಲಿ ಇರಲಿಲ್ಲ. ಹೊರಟವರು ತಿರುವಿನಿಂದ ಎರಡು ಸಲ ವಾಪಸು ಬಂದರು, ನಾನೂ ಎಂದಿನಂತೆ ಗೊಣಗಿದೆ. ಸಂಜೆ ಗೂಡಿಗೆ ಬೀಗ ಹಾಕುವ ಮುಂಚೆ ಕೂಗಿದರು. "ಅಮ್ಮಾ, ನೀನೂ ಬಾ. ಇಬ್ಬರೂ ಎಣಿಸೋಣ."

ಎಣಿಸಿದೆವು. ಎಣಿಸಿ ಮುಗಿದ ಮೇಲೂ ಅವರು ಬಾಯಿ ಬಿಡಲಿಲ್ಲ. ನಾನು "ಹನ್ನೆರಡು" ಎಂದ ಮೇಲೆಯೇ, "ಹ್ಞೂ, ನನಗೂ ಅಷ್ಟೇ ಬಂತು" ಎಂದರು.