ಎರಡು ಸಲ ನೆಟ್ಟ ಮೇಪಲ್

ಅಮೆರಿಕದ ಲಿಸ್ಲ್ ಊರಿನಲ್ಲಿ ಮನೆ ಕೊಂಡ ವರ್ಷವೇ ಅಕ್ಟೋಬರಿನಲ್ಲಿ ಹಿತ್ತಲಿಗೊಂದು ಮೇಪಲ್ ಗಿಡ ತಂದೆ. ಗಿಡ ನೆಡೋಕೆ ಇದೇ ಒಳ್ಳೆಯ ಕಾಲ, ಎಲೆ ಉದುರಿದರೂ ಮಣ್ಣು ಇನ್ನೂ ಬೆಚ್ಚಗಿರುವುದರಿಂದ ಬೇರು ಹಿಡಿಯುತ್ತದೆ ಎಂದು ನರ್ಸರಿಯವರು ಹೇಳಿದ್ದರು. ನಾನು ಎಲ್ಕ್ ಗ್ರೋವ್ ವಿಲೇಜ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ದೊಡ್ಡ ಯಂತ್ರಗಳನ್ನು ಅಲುಗಾಡದ ಹಾಗೆ ಕೂರಿಸುವುದೇ ನನ್ನ ಕೆಲಸ. ಅದೇ ಲೆಕ್ಕಾಚಾರದಲ್ಲಿ ಮೊಣಕಾಲು ಮುಳುಗುವಷ್ಟು ಗುಂಡಿ ತೋಡಿದೆ.

ನನ್ನ ಹೆಂಡತಿ ವಿಜಯಪುರದವಳು. ಬಾಗಿಲಲ್ಲಿ ನಿಂತು ನೋಡಿ, "ಇಷ್ಟ್ ಆಳ ಯಾಕ್ರೀ? ಗಿಡ ಹಚ್ಚಾಕತ್ತೀರೋ, ಹುಗಿಯಾಕತ್ತೀರೋ?" ಅಂದಳು. ಇಲ್ಲಿಯ ಗಾಳಿಗೆ ಬೀಳಬಾರದು ಅಂತ ನಾನು ಅರ್ಧ ಗಂಟೆ ವಿವರಿಸಿದೆ. ಅವಳು ಒಳಗೆ ಹೋದಳು.

ಎರಡು ವರ್ಷ ಗಿಡ ಒಂದಿಂಚೂ ಏಳಲಿಲ್ಲ. ಮೂರನೇ ವರ್ಷ ಆಗಸ್ಟಿನಲ್ಲೇ, ಊರಿನ ಮರಗಳೆಲ್ಲ ಹಸಿರಾಗಿರುವಾಗ, ಶರತ್ಕಾಲದಲ್ಲಿ ಕೆಂಪಾಗಬೇಕಾದ ನಮ್ಮ ಮೇಪಲ್ ಮಾತ್ರ ಆಗಲೇ ಕೆಂಪಾಯಿತು. ನಾನು ಹೆಮ್ಮೆಯಿಂದ ಫೋಟೋ ತೆಗೆದು ಸ್ನೇಹಿತರಿಗೆಲ್ಲ ಕಳಿಸಿದೆ. ಪಕ್ಕದ ಮನೆಯ ಅಮೆರಿಕನ್ ಅಜ್ಜಿಯನ್ನೂ ಕರೆದು ತೋರಿಸಿದೆ. ಆಕೆ ಜೀವಮಾನವಿಡೀ ನರ್ಸರಿಯಲ್ಲಿ ದುಡಿದವರು. ಮಂಡಿಯೂರಿ ಕೂತು ಕಾಂಡದ ಸುತ್ತ ಬೆರಳಿಂದ ಕೆದಕಿದರು. ಮರದ ಬುಡ ನೆಲದ ಹತ್ತಿರ ಪಾದದ ಹಾಗೆ ಅಗಲವಾಗಿ ಕಾಣಬೇಕು, ನಿನ್ನದು ಕಂಬದ ಹಾಗೆ ನೇರ ಮಣ್ಣಿಗಿಳಿದಿದೆ, ಬುಡ ಆಳದಲ್ಲಿ ಹೂತುಹೋಗಿದೆ ಅಂದರು. ಆಮೇಲೆ ಮೆಲ್ಲಗೆ, "ಇದು ಚೆಂದದ ಕೆಂಪಲ್ಲಪ್ಪ. ಉಸಿರು ಕಟ್ಟಿ ಸಾಯ್ತಾ ಇದೆ," ಅಂತ ಅವರ ಇಂಗ್ಲಿಷಿನಲ್ಲಿ ಹೇಳಿದರು.

ನನಗೆ ಮುಖ ಎತ್ತಲಾಗಲಿಲ್ಲ. ಎಲೆ ಉದುರಲಿ, ಅಕ್ಟೋಬರಿನಲ್ಲಿ ಕಿತ್ತು ಸ್ವಲ್ಪ ಮೇಲಕ್ಕೆ ನೆಡೋಣ ಅಂತ ಅವರೇ ಧೈರ್ಯ ಹೇಳಿದರು.

ಅಕ್ಟೋಬರಿನ ಆ ಶನಿವಾರ ಐವತ್ತು ಡಿಗ್ರಿ ಫ್ಯಾರನ್‌ಹೀಟ್, ಹಿತವಾದ ಚಳಿ, ಒಳ್ಳೆ ಬಿಸಿಲು. ಹತ್ತಿರದ ಊರಾದ ಲೆಮಾಂಟ್‌ನ ದೇವಸ್ಥಾನಕ್ಕೆ ಹೋಗುವುದನ್ನು ಮುಂದಕ್ಕೆ ಹಾಕಿ ನಾನು, ಹೆಂಡತಿ, ಹೈಸ್ಕೂಲು ಓದುವ ಮಗಳು ಮೂವರೂ ಹಿತ್ತಲಿಗಿಳಿದೆವು. ನಾನು ಜೇಡಿಮಣ್ಣು ಅಗೆದೆ. ಹೆಂಡತಿ ಮಣ್ಣು ಅಂಟಿದ ಬೇರಿನ ಮುದ್ದೆಯನ್ನು ಟಾರ್ಪಾಲಿನ ಮೇಲೆ ಎಳೆದಳು. ನರ್ಸರಿಯ ಕುಂಡದಲ್ಲಿದ್ದಾಗಲೇ ಸುತ್ತಿಕೊಂಡಿದ್ದ ಒಂದು ಬೇರು ಕಾಂಡವನ್ನು ಬಿಗಿಯುತ್ತಿತ್ತು. ಅದನ್ನು ಅಜ್ಜಿ ಬೇಲಿಯಾಚೆಯಿಂದ ತೋರಿಸಿದರು, ನಾನು ಕತ್ತರಿಸಿದೆ. ಮಗಳು ಕಾಂಡ ಹಿಡಿದು ನಿಂತಿದ್ದಳು. ನೆಟ್ಟಗಿದೆಯೇನಮ್ಮ ಅಂತ ಕೇಳಿದರೆ, "ನೋ ಡ್ಯಾಡ್, ಸ್ಟಿಲ್ ಲೀನಿಂಗ್," ಅಂತ ಐದು ಸಲ ಹೇಳಿದಳು. ಐದು ಸಲವೂ ಸರಿಮಾಡಿದೆ.

ಈ ಸಲ ಬುಡ ನೆಲಕ್ಕಿಂತ ಎರಡು ಬೆರಳು ಮೇಲೇ ಇತ್ತು. ಮೂರು ವರ್ಷದ ಹಿಂದೆ ಹೇಳಿದ್ದೆನಲ್ಲ ಅಂತ ಹೆಂಡತಿ ಒಮ್ಮೆಯೂ ಅನ್ನಲಿಲ್ಲ. ನಾನೇ ತಡೆಯಲಾರದೆ, "ನಿನ್ನ ಮಾತು ಕೇಳಬೇಕಿತ್ತು," ಅಂದೆ. ಅವಳು ನೀರಿನ ಪೈಪು ಕೈಗಿಟ್ಟು, "ಸಾವಕಾಶ ಬಿಡ್ರಿ, ಮಣ್ಣು ಕೊಚ್ಚಿ ಹೋಗ್ತದ," ಅಂದಳು.

ಮರುವರ್ಷ ಚಿಗುರು ತಡವಾಗಿ ಬಂತು. ಮೇ ಮುಗಿಯುತ್ತ ಬಂದರೂ ಕೊಂಬೆಗಳು ಬೋಳಾಗಿದ್ದಾಗ ನಾನು ಆಸೆ ಬಿಟ್ಟಿದ್ದೆ. ಆಮೇಲೆ ಒಂದು ವಾರದಲ್ಲಿ ಮೈತುಂಬ ಎಲೆ. ಈಗ ಅದು ನನಗಿಂತ ಎರಡಡಿ ಎತ್ತರ.

ಈ ಶರತ್ಕಾಲದಲ್ಲಿ ಬೇಲಿಗುಂಟ ನಾಲ್ಕು ಹೈಡ್ರೇಂಜಿಯಾ ಹೂಗಿಡ ನೆಟ್ಟೆವು. ಎಲ್ಲಿ, ಎಷ್ಟು ಆಳ ಅನ್ನುವುದು ಹೆಂಡತಿಯ ತೀರ್ಮಾನ. ಅಜ್ಜಿ ತಮ್ಮ ಹಿತ್ತಲಿನಿಂದ ಒಣಗಿದ ಎಲೆ ಚೀಲದಲ್ಲಿ ತುಂಬಿ ತಂದು ಬುಡಕ್ಕೆ ಹೊದಿಸಿದರು. ಕೆಲಸ ಮುಗಿದ ಮೇಲೆ ಎಲ್ಲರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಅಜ್ಜಿಗೆ ಶುಂಠಿ ಸ್ವಲ್ಪ ಖಾರವೆನಿಸಿತು. ಆದರೂ ಇನ್ನೊಂದು ಲೋಟ ಕೇಳಿದರು.