ಬೆನ್ನಿಗೆ ಹೊಡೆದರೆ ಔಟಲ್ಲ

ಲಗ್ಗೆರೆಯ ನಮ್ಮ ಹೆಣ್ಣುಮಕ್ಕಳ ಕಾಲೇಜಿಗೆ ಬೇಸ್‌ಬಾಲ್ ಬಂದದ್ದು ಆಸೆಯಿಂದಲ್ಲ, ಉಪಾಯದಿಂದ. ನಾನು ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಸೇರಿದ ವಾರವೇ ಪ್ರಿನ್ಸಿಪಾಲರು ಕರೆದು, "ಖೋ ಖೋ, ಕಬಡ್ಡಿ ಎಲ್ಲಾ ಕಾಲೇಜ್‌ನೋರೂ ಆಡ್ತಾರೆ ಮೇಡಂ. ಅಲ್ಲಿ ನಮ್ಮನ್ನ ಯಾರು ಗೆಲ್ಲೋಕೆ ಬಿಡ್ತಾರೆ? ಈ ಬೇಸ್‌ಬಾಲ್ ಯಾರಿಗೂ ಬರಲ್ಲ. ಬೇಗ ಒಂದು ಕಪ್ ತಂದ್ಬಿಡಿ" ಎಂದರು. ಆ ಆಟ ಬರದವರಲ್ಲಿ ನಾನೂ ಒಬ್ಬಳು ಎಂಬುದು ಅವರಿಗೆ ಹೊಳೆಯಲಿಲ್ಲ. ನಾನು ರಾಣೆಬೆನ್ನೂರು ಕಡೆಯ ಖೋ ಖೋ ಆಟಗಾರ್ತಿ. ಒಂದು ತರಬೇತಿ ಶಿಬಿರಕ್ಕೆ ಹೋಗಿ ಬಂದು, ಮಾರನೆಯ ದಿನವೇ ತೊಟ್ಟಿಲಲ್ಲೇ ಬೇಸ್‌ಬಾಲ್ ಆಡಿದವಳಂತೆ ಸೀಟಿ ಊದತೊಡಗಿದೆ.

ಮೊದಲ ಬ್ಯಾಟು ಪಕ್ಕದ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ತಯಾರಾಯಿತು. ವಿದ್ಯಾರ್ಥಿನಿಯೊಬ್ಬಳ ಅಪ್ಪ ಲೇತ್ ಮೆಷಿನ್ನಿಗೆ ಮರದ ತುಂಡು ಕೊಟ್ಟು ತಿರುವಿದ್ದರು. ಅದು ಎಷ್ಟು ಭಾರವೆಂದರೆ ಬೀಸಿದವಳು ಅದರ ಜೊತೆ ತಾನೂ ಒಂದು ಸುತ್ತು ತಿರುಗಿ ಕುಳಿತುಬಿಡುತ್ತಿದ್ದಳು. ಓಡುವವರು ಮುಟ್ಟಬೇಕಾದ ಬೇಸುಗಳಿಗೆ ಗೋಣಿಚೀಲ, ಅದರೊಳಗೆ ಯಂತ್ರ ಒರೆಸುವ ಬಟ್ಟೆಚೂರು. ಕಾಂಪೌಂಡ್ ದಾಟಿ ಪಕ್ಕದ ಕಾರ್ಖಾನೆಯ ಶೆಡ್ಡಿಗೆ ಬಿದ್ದ ಚೆಂಡನ್ನು ಅಲ್ಲಿನ ವಾಚ್‌ಮನ್ ಗೋಡೆಯ ಮೇಲಿಂದ ಎಸೆಯುತ್ತಾ, "ತಗಳ್ರವ್ವಾ, ಎಣ್ಣೆಸ್ನಾನ ಆಗೈತೆ!" ಎನ್ನುತ್ತಿದ್ದ. ಎಣ್ಣೆಯ ಚೆಂಡು ಯಾರ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಒಣಗಿದ ಚೆಂಡೂ ನಿಲ್ಲುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಕಪ್ ಹಾಳಾಗಲಿ, ಒಂದು ಪಂದ್ಯವೂ ನಮಗೆ ದಕ್ಕಲಿಲ್ಲ. ಪ್ರಿನ್ಸಿಪಾಲರು ಬದಲಾದರು, ಪೀಣ್ಯದ ನೆತ್ತಿಯ ಮೇಲೆ ಮೆಟ್ರೋ ಬಂತು, ನನ್ನ ಕೂದಲು ಬೆಳ್ಳಗಾಯಿತು, ನಾವು ಮಾತ್ರ ವರ್ಷಾ ವರ್ಷಾ ಶಿಸ್ತಾಗಿ ಸೋತು ಬಂದೆವು. ನನಗೋ ಮೂಗಿನ ತುದಿಯಲ್ಲೇ ಕೋಪ. ಸೋತ ದಿನ ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರ್ ಕೂಡ ನನ್ನ ಹತ್ತಿರ ಟಿಕೆಟ್ ಕೇಳಲು ಹೆದರುತ್ತಿದ್ದ. ನಿವೃತ್ತಿಯ ವರ್ಷ ಬಂದಾಗ ನನಗಿದ್ದದ್ದು ಒಂದೇ ಆಸೆ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಏನೂ ಬೇಡ. ಒಂದೇ ಒಂದು ಪಂದ್ಯ ಗೆದ್ದು ಮನೆಗೆ ಹೋಗಬೇಕು.

ನಮ್ಮ ಸೋಲಿನ ಮೂಲ ನನಗೆ ಗೊತ್ತಿತ್ತು: ಲಗೋರಿ. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲೇ ಸುತ್ತಮುತ್ತ ಬಾಡಿಗೆ ರೂಮುಗಳಲ್ಲಿರುವ ಕಾರ್ಮಿಕರ ಮಕ್ಕಳು. ಕಲ್ಲು ಪೇರಿಸಿ, ಉರುಳಿಸಿ, ಓಡುವವರ ಬೆನ್ನಿಗೆ ಚೆಂಡು ಬಾರಿಸಿ ಬೆಳೆದವರು. ಬೇಸ್‌ಬಾಲಿನಲ್ಲಿ ಚೆಂಡನ್ನು ಜೊತೆಗಾತಿಯ ಗ್ಲೌಸಿಗೆ ಎಸೆಯಬೇಕು, ಅವಳು ಅದನ್ನು ಓಡಿ ಬರುವವಳಿಗೆ ಮುಟ್ಟಿಸಬೇಕು. ಇದನ್ನು ಎಷ್ಟು ಹೇಳಿಕೊಟ್ಟರೂ ಪಂದ್ಯ ಬಿಸಿಯೇರಿತೆಂದರೆ ಹುಟ್ಟುಗುಣ ಸುಟ್ಟರೂ ಹೋಗದು. ಎದುರಾಳಿ ಓಡಿದಳೋ, ನಮ್ಮವಳ ಚೆಂಡು ಅವಳ ಬೆನ್ನಿಗೆ ಧಡ್ ಅಂತ. ಇಲ್ಲಿ ಹಾಗೆ ಹೊಡೆದರೆ ಔಟಲ್ಲ. ಹೊಡೆಸಿಕೊಂಡವಳು ಸೊಂಟ ಹಿಡಿದುಕೊಂಡೇ ಕೊನೆಯ ಬೇಸಾದ 'ಮನೆ' ಮುಟ್ಟಿ ರನ್ ಗಳಿಸುತ್ತಿದ್ದಳು, ನಮ್ಮವರು ಔಟ್ ಮಾಡಿದೆವೆಂದು ಕುಣಿಯುತ್ತಿದ್ದರು. ನಮ್ಮ ಕಿಟ್ಟಿನಲ್ಲಿ ನೋವಿನ ಸ್ಪ್ರೇ ಇರುತ್ತಿದ್ದುದೇ ಎದುರಾಳಿಗಳಿಗಾಗಿ.

ಇದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಮೈದಾನದ ನಟ್ಟನಡುವೆ, ದೂರದಲ್ಲಿ ನಿಲ್ಲುತ್ತಿದ್ದ ಯಾದಗಿರಿ ಹುಡುಗಿ. ಎಲ್ಲಿಂದ ಎಸೆದರೂ ಅವಳ ಗುರಿ ತಪ್ಪುತ್ತಿರಲಿಲ್ಲ. ಗುರಿ ಯಾವಾಗಲೂ ಯಾರದಾದರೂ ಬೆನ್ನು.

"ಗ್ಲೌಸಿಗೆ ಎಸಿ ಅಂದ್ರೆ ಅವಳಿಗೆ ಯಾಕೇ ಹೊಡೀತೀಯಾ?" ಎಂದು ನಾನು ಕಿರುಚಿದರೆ, ಅವಳು ಮುಗ್ಧಳಾಗಿ, "ಕಣ್ಣ ಮುಂದ ಓಡಾಕತ್ತಿದ್ಲಲ್ರೀ ಮೇಡಂ. ಸುಮ್ನ ಹೆಂಗ ಬಿಡ್ಲಿರೀ?" ಎನ್ನುತ್ತಿದ್ದಳು.

ಕೊನೆಗೆ ಕಾಲೇಜಿನ ಆವರಣದಲ್ಲಿ ಲಗೋರಿಯನ್ನೇ ನಿಷೇಧಿಸಿದೆ. ಆದರೂ ಒಂದು ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ಹಿಂದೆ ಗಲಾಟೆ ಕೇಳಿಸಿತು. ಸೀಟಿ ಬಾಯಿಗಿಟ್ಟುಕೊಂಡು ಬೈಯಲೆಂದೇ ಹೋದೆ. ಒಡೆದ ಟೈಲ್ಸ್ ಪೇರಿಸಿಕೊಂಡು ಆಡುತ್ತಿದ್ದರು. ಯಾದಗಿರಿಯವಳು ಅಷ್ಟು ದೂರದಿಂದ ಎಸೆದಳು, ಟೈಲ್ಸು ಚೆಲ್ಲಾಪಿಲ್ಲಿ. ಮತ್ತೆ ಪೇರಿಸಿದರು, ಮತ್ತೆ ಎಸೆದಳು, ಮತ್ತೆ ಚೆಲ್ಲಾಪಿಲ್ಲಿ. ಸೀಟಿ ನನ್ನ ಬಾಯಿಂದ ಜಾರಿತು. ಇಷ್ಟು ವರ್ಷ ಲಗೋರಿಯ ಎರಡನೆಯ ಭಾಗವನ್ನೇ ಬೈಯುತ್ತಾ ಮೊದಲನೆಯ ಭಾಗವನ್ನು ಮರೆತೇ ಹೋಗಿದ್ದೆನಲ್ಲ! ಬೆನ್ನಿಗೆ ಹೊಡೆಯುವ ಮೊದಲು ಕಲ್ಲಿಗೆ ಹೊಡೆಯುವುದು ಇರುತ್ತದಲ್ಲ!

ಅಂದಿನಿಂದ ಅಭ್ಯಾಸಕ್ಕೆ ಆ 'ಮನೆ'ಯಲ್ಲಿ ಗ್ಲೌಸು ಹಿಡಿದು ನಿಲ್ಲುವವಳ ಜಾಗದಲ್ಲಿ ಟೈಲ್ಸ್ ಪೇರಿಸಿದೆ. ಓಡುವವಳು ಓಡಲಿ, ನಿನ್ನ ಕಣ್ಣು ಕಲ್ಲಿನ ಮೇಲಿರಲಿ. ಆಮೇಲೆ ಟೈಲ್ಸ್ ತೆಗೆದು ಗ್ಲೌಸಿನವಳನ್ನು ನಿಲ್ಲಿಸಿ, "ಇವಳ ಕೈಯಲ್ಲಿ ಕಲ್ಲಿದೆ ಅಂದ್ಕೊಳ್ರೇ" ಎಂದೆ. ಹುಡುಗಿಯರು ಅಂದುಕೊಂಡರು. ಗ್ಲೌಸಿನವಳು ಮಾತ್ರ ಹೆದರಿ ಕಣ್ಣು ಮುಚ್ಚಿಕೊಂಡಳು.

ನನ್ನ ಕೊನೆಯ ಪಂದ್ಯ ಮಾರತ್ತಹಳ್ಳಿ ಕಡೆಯ ದೊಡ್ಡ ಕಾಲೇಜೊಂದರ ಮೇಲೆ. ಅವರಿಗೆ ಸ್ವಂತ ಬಸ್ಸು, ಹೊಳೆಯುವ ಸಮವಸ್ತ್ರ, ಕಪ್ಪು ಕನ್ನಡಕದ ಕೋಚು. ನಮಗೆ ಎಣ್ಣೆಯ ವಾಸನೆ. ಅದು ಹೇಗೋ ಕೊನೆಯ ಸರದಿಯ ಹೊತ್ತಿಗೆ ನಾವೇ ಒಂದು ರನ್ ಮುಂದಿದ್ದೆವು! ಇನ್ನೊಬ್ಬಳು ಔಟಾದರೆ ಗೆಲುವು ನಮ್ಮದು. ಅವರಲ್ಲಿ ಒಬ್ಬಳು ಆಗಲೇ ಎರಡನೆಯ ಬೇಸಿನಲ್ಲಿದ್ದಳು. ಬ್ಯಾಟು ಹಿಡಿದವಳು ಬಾರಿಸಿದಳು. ಚೆಂಡು ಪುಟಿಯುತ್ತಾ ನೇರ ಯಾದಗಿರಿಯವಳ ಕೈಗೆ ಹೋಯಿತು, ಎರಡನೆಯ ಬೇಸಿನವಳು ಮನೆಯ ಕಡೆಗೆ ಓಟ ಕಿತ್ತಳು. ಅವಳ ಬೆನ್ನು ಅಗಲವಾಗಿ, ಬಾ ಬಾ ಎನ್ನುವ ಹಾಗೆ ನಮ್ಮವಳ ಎದುರಿಗೇ ಇತ್ತು. ಅದಕ್ಕೆ ಬಡಿದರೆ ಚೆಂಡು ಎಲ್ಲೋ ಹೋಗುತ್ತದೆ, ಇಬ್ಬರೂ ಮನೆ ಸೇರುತ್ತಾರೆ, ನಾನು ಸೋತೇ ಮನೆಗೆ ಹೋಗುತ್ತೇನೆ.

"ಕಲ್ಲಿಗೇ! ಕಲ್ಲಿಗೆ ಹೊಡಿಯೇ!" ಎಂದು ಕುರ್ಚಿಯ ಮೇಲೆ ಹತ್ತಿ ಅರಚಿದೆ. ಕಪ್ಪು ಕನ್ನಡಕದವರು ಬೆಚ್ಚಿ ನನ್ನ ಕಡೆ ತಿರುಗಿದರು.

ಚೆಂಡು ಆ ಬೆನ್ನಿನ ಪಕ್ಕದಲ್ಲೇ ಹಾದು ಗ್ಲೌಸಿಗೆ ಬಿತ್ತು. ಗ್ಲೌಸಿನವಳು ಈ ಸಲ ಕಣ್ಣು ತೆರೆದೇ ಇದ್ದಳು. ಓಡಿ ಬಂದವಳಿಗೆ ಮುಟ್ಟಿಸಿದಳು. ಅಂಪೈರ್ ಕೈ ಎತ್ತಿ "ಔಟ್" ಎಂದರು. ನಾನು ಕುರ್ಚಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಅಂಪೈರನ್ನು ತಬ್ಬಿಕೊಂಡೆನಂತೆ, ಮೊಬೈಲಿನಲ್ಲಿ ವಿಡಿಯೋ ಇದೆ. ಸಂತೋಷಕ್ಕೆ ನನಗೆ ಹುಚ್ಚೇ ಹಿಡಿದಿತ್ತು, ಅದರಲ್ಲಿ ಮುಚ್ಚುಮರೆ ಏನು?

ಅಷ್ಟರಲ್ಲಿ ಹುಡುಗಿಯರು ಗ್ಲೌಸುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ನನ್ನ ಕೈಗೆ ಅಭ್ಯಾಸದ ಮೆತ್ತನೆ ಚೆಂಡು ಕೊಟ್ಟರು. "ಈಗ ನಿಮ್ ಆಟ ಮೇಡಂ!" ನನ್ನ ಮೊದಲ ಎಸೆತ ಎದುರಾಳಿಗಳ ಬಸ್ಸಿನ ಕಡೆ ಹೋಯಿತು. ಎರಡನೆಯದಕ್ಕೆ ಗ್ಲೌಸುಗಳು ಉರುಳಿದವು. ಎಲ್ಲರೂ ಕಿರುಚುತ್ತಾ ಚದುರಿದರು. ಲಗೋರಿಯ ನಿಯಮದಂತೆ ಓಡಬೇಕಾದವಳು ನಾನೇ, ಆದರೂ ಚೆಂಡು ಎತ್ತಿಕೊಂಡು ಸೀರೆ ಸಿಕ್ಕಿಸಿ ಅಟ್ಟಿಸಿಕೊಂಡು ಹೋದೆ, ಯಾದಗಿರಿಯವಳ ಬೆನ್ನು ನೋಡಿ ಬಲವಾಗಿ ಬೀಸಿದೆ. ಧಡ್!

ಅವಳು ತಿರುಗಿ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಬೆನ್ನಿಗ ಹೊಡದ್ರ ಔಟ್ ಅಲ್ರೀ ಮೇಡಂ. ನೀವ ಹೇಳೀರಿ."

"ಕಣ್ಣ ಮುಂದೆ ಓಡ್ತಿದ್ದೆ ಕಣೇ," ಎಂದೆ. "ಸುಮ್ನೆ ಹೇಗೆ ಬಿಡ್ಲಿ?"