ಆಪಾಗೆ ಹೇಳದ ವೋಟು

ಹೋದ ಭಾನುವಾರ ಶಿವಮೊಗ್ಗದ ನಮ್ಮ ಲೇಡೀಸ್ ಕ್ಲಬ್ಬಿನ ಮೀಟಿಂಗಿನಲ್ಲಿ ನಾನು ಕೈ ಎತ್ತಬೇಕಿತ್ತು. ಎತ್ತಲಿಲ್ಲ.

ಯಾಕೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಾಗುತ್ತಿಲ್ಲ...

ನಾನು ಮತ್ತು ನನ್ನ ಅಕ್ಕ ಸೇರಿ ಹೆಂಗಸರಿಗೆ ಕಾರು ಕಲಿಸುತ್ತೇವೆ. ಮನೆ ಭದ್ರಾವತಿಯಲ್ಲಿ, ಕ್ಲಾಸು ಶಿವಮೊಗ್ಗದಲ್ಲಿ. ಅಕ್ಕನನ್ನು ಆಪಾ ಅಂತಲೇ ಕರೆಯುವುದು. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದೂ ಅವಳೇ.

ನನ್ನ ಹತ್ತಿರ ಡ್ರೈವಿಂಗ್ ಕಲಿತವರಲ್ಲಿ ಸುಮಂಗಲಾ ಮೇಡಂ ಒಬ್ಬರು. ಅವರ ಮನೆಯವರು ಅಜ್ಜಿಯ ಕಾಲದಿಂದಲೂ ಆ ಕ್ಲಬ್ಬಿನಲ್ಲಿದ್ದಾರೆ. ಹಳೇ ಸದಸ್ಯರಿಬ್ಬರು ಸೈನ್ ಹಾಕದೆ ಅಲ್ಲಿ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹೋದ ವರ್ಷ ಮೇಡಂ ತಾವೊಂದು ಸೈನ್ ಹಾಕಿ, ಗೆಳತಿಯಿಂದ ಇನ್ನೊಂದು ಹಾಕಿಸಿ, ನನ್ನನ್ನು ಸೇರಿಸಿದ್ದರು.

ಕ್ಲಬ್ಬಿನಲ್ಲಿ ಸ್ವಿಮ್ಮಿಂಗ್ ಪೂಲ್ ಇದೆ. ವರ್ಷಗಟ್ಟಲೆ ಕ್ಲಚ್ ತುಳಿದು ಆಪಾಳ ಎಡಮಂಡಿ ಹಾಳಾಗಿದೆ, ನೀರಲ್ಲಿ ನಡೆದಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಒಂದು ದಿನ ಗೆಸ್ಟ್ ಆಗಿ ಕರೆದುಕೊಂಡು ಹೋಗಿದ್ದೆ. ಎದೆಮಟ್ಟದ ನೀರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದು, "ನೋವೇ ಇಲ್ವಲ್ಲೇ!" ಎಂದು ಚಿಕ್ಕ ಹುಡುಗಿ ಥರ ನಕ್ಕಳು.

ಆದರೆ ಗೆಸ್ಟ್‌ಗೆ ವರ್ಷಕ್ಕೆ ಒಂದೇ ಸಲ ಅವಕಾಶ.

ಆಪಾಳನ್ನೂ ಸದಸ್ಯೆ ಮಾಡಿಸೋಣ ಅಂತ ಫಾರ್ಮ್ ತುಂಬಿಸಿದೆ. ಅದಕ್ಕೆ ಸುಮಂಗಲಾ ಮೇಡಂ ಕೂಡಲೇ ಸೈನ್ ಹಾಕಿದರು. ಹೊಸಬಳಾದ ನನ್ನ ಸೈನ್ ನಡೆಯುವುದಿಲ್ಲ. ಇನ್ನೊಂದಕ್ಕೆ ಕೇಳಿದವರೆಲ್ಲ "ನೋಡೋಣಮ್ಮ" ಎಂದರು.

ಕೊನೆಗೆ ಮೇಡಂಗೆ ಸಿಟ್ಟು ಬಂತು. ಈ ಸೈನ್ ಹಾಕಿಸುವ ರೂಲೇ ಬೇಡ, ಸೇರುವ ಆಸೆ ಇದ್ದವರೆಲ್ಲ ಸೇರಲಿ ಎಂದು ವಿಷಯವನ್ನು ಮೀಟಿಂಗಿಗೆ ತಂದರು.

ಜೋರು ಚರ್ಚೆ ನಡೆಯುತ್ತಿತ್ತು. ನನ್ನ ಪಕ್ಕದಲ್ಲಿ ಒಬ್ಬ ಹಿರಿಯ ಸದಸ್ಯೆ ಕೂತಿದ್ದರು. ಒಂದು ವರ್ಷದಲ್ಲಿ ನನ್ನ ಜೊತೆ ನಾಲ್ಕು ಮಾತಾಡಿದವರಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು:

"ಸಿಕ್ಕ್ ಸಿಕ್ಕೋರೆಲ್ಲ ಬಂದ್ಬಿಟ್ರೆ, ಆಮೇಲೆ ನಮ್ಮಂಥೋರು ಎಲ್ಲಿಗಮ್ಮ ಹೋಗೋದು?"

ನಮ್ಮಂಥೋರು... ಅದರಲ್ಲಿ ನಾನೂ ಇದ್ದೆ. ನಿಜ ಹೇಳುತ್ತೇನೆ, ಖುಷಿಯಾಯಿತು.

ಅಷ್ಟರಲ್ಲಿ ಅಧ್ಯಕ್ಷರು, ರೂಲ್ ತೆಗೆಯಬೇಕು ಅನ್ನುವವರು ಕೈ ಎತ್ತಿ ಎಂದರು. ಮುಂದಿನ ಸಾಲಿನಲ್ಲಿದ್ದ ಸುಮಂಗಲಾ ಮೇಡಂ ಕೈ ಎತ್ತಿಕೊಂಡೇ ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಪರ್ಸ್ ತೆಗೆದು ಏನೋ ಹುಡುಕುತ್ತಿದ್ದೆ.

ರೂಲ್ ತೆಗೆಯಲಿ ಅಂದವರು ಕಮ್ಮಿ, ಇರಲಿ ಅಂದವರೇ ಜಾಸ್ತಿ. ನಾನೊಬ್ಬಳು ಎತ್ತಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೂ...

ಹೊರಗೆ ಬಂದಾಗ ಮೇಡಂ ಬೈಯಲಿಲ್ಲ. "ಹೋಗ್ಲಿ ಬಿಡು ಮಾರಾಯ್ತಿ, ನಿಂಗೇನೋ ಕಷ್ಟ ಇದ್ದಿರ್ಬೇಕು" ಎಂದರು.

ನನಗೆ ಯಾವ ಕಷ್ಟವೂ ಇರಲಿಲ್ಲ. ಹುಟ್ಟಿದಾಗಿನಿಂದ ಒಳಗಿರುವವರು ಎಲ್ಲರೂ ಬರಲಿ ಅನ್ನುತ್ತಾರೆ, ನಿನ್ನೆ ಮೊನ್ನೆ ಬಂದ ನನ್ನ ಕೈ ಯಾಕೆ ಏಳಲಿಲ್ಲ? ಅವರಿಗೆ ಕಳೆದುಕೊಳ್ಳುವ ಭಯವಿಲ್ಲ, ಅದಕ್ಕಾ? ಅಥವಾ ನಾನು ಇರುವುದೇ ಹೀಗಾ?

ಮನೆಗೆ ಬರುತ್ತೇನೆ. ಆಪಾ ಮಂಚದ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಳೆ.

"ಏನಾಯ್ತೇ?"

"ಬಿದ್ದೋಯ್ತು ಆಪಾ."

ಒಂದು ಗಳಿಗೆ ಅವಳ ಕೈ ನಿಂತಿತು. ಆಮೇಲೆ ಮತ್ತೆ ತಿಕ್ಕುತ್ತಾ, "ಹೋದ್ರೆ ಹೋಗ್ಲಿ. ನೀನಂತೂ ನನ್ ಪರ ಕೈ ಎತ್ತಿರ್ತೀಯ, ಅಷ್ಟು ಸಾಕು ನಂಗೆ" ಎಂದಳು.

ನಾನು "ಹೂಂ" ಅಂದೆ.

ಆ "ಹೂಂ" ಅನ್ನು ಈಗ ಹೇಗೆ ವಾಪಸ್ ತೆಗೆದುಕೊಳ್ಳಲಿ, ಹೇಳಿ?